ಅರಿಯುವ ಹೊಣೆ ಇಬ್ಬರದು: ಆಟಿಸಂ ಇರುವ ವಯಸ್ಕರ ಸಾಮಾಜಿಕ ಗ್ರಹಿಕೆಯ ಸಂಶೋಧನೆ



ಈ ದತ್ತಿ ಉಪನ್ಯಾಸಕ್ಕೆ ಆಯ್ದುಕೊಂಡಿರುವ ವಿಷಯ ಆಟಿಸಂ ಇರುವ ವಯಸ್ಕರ ಸಾಮಾಜಿಕ ಗ್ರಹಿಕೆ ಹಾಗೂ ಸಾಮಾಜಿಕ ಸಂಜ್ಞಾನದ ಸಂಶೋಧನೆ. ಸರಕಾರಿ ಕಾಗದಪತ್ರಗಳಲ್ಲಿ ಸ್ವಲೀನತೆ ಎಂದೂ, ಮನೆಯಲ್ಲಿ ಮತ್ತು ಆಸ್ಪತ್ರೆಯಲ್ಲಿ ಆಟಿಸಂ ಎಂದೂ ಕರೆಯಲಾಗುವ ಈ ಸ್ಥಿತಿಯ ಬಗ್ಗೆ ಕನ್ನಡದಲ್ಲಿ ನಡೆಯುವ ಮಾತುಕತೆ ಬಹುಮಟ್ಟಿಗೆ ಮಕ್ಕಳನ್ನು ಕುರಿತದ್ದು. ಆದರೆ ಆಟಿಸಂ ಹುಟ್ಟಿನಿಂದ ಬಂದು ಬದುಕಿನುದ್ದಕ್ಕೂ ಇರುವ ಬೆಳವಣಿಗೆಯ ಭಿನ್ನತೆಯಾದ್ದರಿಂದ, ಇಂದು ಶಾಲೆಯಲ್ಲಿರುವ, ಆಟಿಸಂ ಇರುವ ಪ್ರತಿಯೊಂದು ಮಗುವೂ ನಾಳೆ ಕಾಲೇಜು, ಕಚೇರಿ, ಬ್ಯಾಂಕು, ಮದುವೆ ಮನೆ ಮತ್ತು ಬಸ್ ನಿಲ್ದಾಣಗಳಲ್ಲಿ ಇತರರೊಡನೆ ವ್ಯವಹರಿಸಬೇಕಾದ ವಯಸ್ಕ ವ್ಯಕ್ತಿಯಾಗುತ್ತದೆ. ಆ ವಯಸ್ಕರು ಇತರರನ್ನು ಹೇಗೆ ಗ್ರಹಿಸುತ್ತಾರೆ, ಇತರರು ಅವರನ್ನು ಹೇಗೆ ಗ್ರಹಿಸುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಈ ಉಪನ್ಯಾಸದ ಉದ್ದೇಶ.

ವಿಷಯವನ್ನು ನಾಲ್ಕು ಭಾಗಗಳಲ್ಲಿ ವಿವರಿಸಲಾಗುವುದು. ಮೊದಲನೆಯದು ಮುಖ, ಕಣ್ಣು ಮತ್ತು ದನಿಯ ಗ್ರಹಿಕೆ. ಎರಡನೆಯದು ಇನ್ನೊಬ್ಬರ ಮನಸ್ಸನ್ನು ಊಹಿಸುವ ಶಕ್ತಿಯ ಪರೀಕ್ಷೆಗಳು. ಮೂರನೆಯದು ಆಟಿಸಂ ಇರುವವರು ಮತ್ತು ಇಲ್ಲದವರು ಎದುರುಬದುರಾದಾಗ ಆಗುವ ಪರಸ್ಪರ ತಪ್ಪು ತಿಳಿವಳಿಕೆ. ನಾಲ್ಕನೆಯದು ಈ ಸಂಶೋಧನೆಯಿಂದ ಹುಬ್ಬಳ್ಳಿ-ಧಾರವಾಡದ ಸಂಸ್ಥೆಗಳು ಕೈಗೊಳ್ಳಬಹುದಾದ ಕೆಲಸ.

ಭಾಗಗಳಿಗೆ ಹೋಗುವ ಮುನ್ನ ಎರಡು ಪಾರಿಭಾಷಿಕ ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಎದುರಿಗಿರುವ ವ್ಯಕ್ತಿಯ ಮುಖ, ನೋಟ, ದನಿಯ ಏರಿಳಿತ ಮತ್ತು ಅಂಗಚಲನೆಗಳನ್ನು ಇಂದ್ರಿಯಗಳ ಮೂಲಕ ಗುರುತಿಸುವುದು ಸಾಮಾಜಿಕ ಗ್ರಹಿಕೆ. ಹೀಗೆ ಗುರುತಿಸಿದ್ದರಿಂದ ಆ ವ್ಯಕ್ತಿಯ ಉದ್ದೇಶ, ನಂಬಿಕೆ ಮತ್ತು ಭಾವನೆಗಳನ್ನು ಊಹಿಸಿ, ತನ್ನ ನಡೆಯನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಸಾಮಾಜಿಕ ಸಂಜ್ಞಾನ. ದಿನನಿತ್ಯದ ಮಾತುಕತೆಯಲ್ಲಿ ಇವೆರಡೂ ಒಂದೇ ಉಸಿರಿನಲ್ಲಿ ನಡೆಯುತ್ತವೆಯಾದರೂ, ಒಬ್ಬ ವ್ಯಕ್ತಿಗೆ ತೊಡಕು ಎಲ್ಲಿ ಎದುರಾಗುತ್ತಿದೆ ಎಂಬುದನ್ನು ತಿಳಿಯಲು ಸಂಶೋಧಕರು ಇವನ್ನು ಬೇರೆಬೇರೆಯಾಗಿ ಅಳೆಯುತ್ತಾರೆ.

ಇನ್ನು ಇತಿಹಾಸದ ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ನೋಡಬಹುದು. ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ವಿವರಿಸಿ ಬರೆದ ಪ್ರಬಂಧ ಮತ್ತು ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ 1944ರಲ್ಲಿ ಪ್ರಕಟಿಸಿದ ಪ್ರಬಂಧಗಳಿಂದ ಆಟಿಸಂ ವೈದ್ಯಕೀಯ ಚರ್ಚೆಯಲ್ಲಿ ನೆಲೆಗೊಂಡಿತು. ಅವರಿಗಿಂತ ಸುಮಾರು ಎರಡು ದಶಕ ಮೊದಲೇ ಸೋವಿಯತ್ ರಷ್ಯದ ವೈದ್ಯೆ ಗ್ರೂನ್ಯಾ ಸುಖರೇವಾ ಇಂಥ ಮಕ್ಕಳ ಲಕ್ಷಣಗಳನ್ನು ನಿಖರವಾಗಿ ದಾಖಲಿಸಿದ್ದರು. ಮೂವರೂ ನೋಡಿದ್ದು ಮಕ್ಕಳನ್ನು. ಹೀಗಾಗಿ ಮುಂದಿನ ಹಲವು ದಶಕಗಳ ಸಿದ್ಧಾಂತಗಳೂ ಮಕ್ಕಳನ್ನೇ ಆಧರಿಸಿ ಬೆಳೆದವು. ವಯಸ್ಕರನ್ನು ಮನೆಮನೆಯ ಸಮೀಕ್ಷೆಯಲ್ಲಿ ಎಣಿಸುವ ಗಂಭೀರ ಪ್ರಯತ್ನ ಇಂಗ್ಲೆಂಡಿನಲ್ಲಿ 2007ರಲ್ಲಷ್ಟೇ ನಡೆದು, 2011ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಸಾವಿರ ವಯಸ್ಕರಲ್ಲಿ ಸುಮಾರು 10 ಮಂದಿಗೆ ಆಟಿಸಂ ಇತ್ತು. ಭಾರತದಲ್ಲಿ ಐದು ಪ್ರದೇಶಗಳನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವು ಧಾರವಾಡಕ್ಕೆ ಸಮೀಪದ ಉತ್ತರ ಗೋವೆಯನ್ನು ಒಳಗೊಂಡಿತ್ತಾದರೂ, ಅದು ಗಣನೆಗೆ ತೆಗೆದುಕೊಂಡದ್ದು 2ರಿಂದ 9 ವರ್ಷದ ಮಕ್ಕಳನ್ನು ಮಾತ್ರ.

ಈಗ ಮೊದಲನೆಯ ಭಾಗಕ್ಕೆ ಬರಬಹುದು. ಎದುರಿಗಿರುವವರ ಕಣ್ಣು ನೋಡದಿರುವುದು ಆಟಿಸಂನ ಮೊದಲ ಗುರುತು ಎಂಬ ಭಾವನೆ ವ್ಯಾಪಕವಾಗಿದೆ. ಇದನ್ನು ಅಳೆಯಲು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅಮಿ ಕ್ಲಿನ್ ಮತ್ತು ಸಂಗಡಿಗರು ಆಟಿಸಂ ಇರುವ 15 ಮಂದಿ ಹದಿಹರೆಯದ ಹಾಗೂ ಯುವ ಪುರುಷರಿಗೆ, ಮತ್ತು ಆಟಿಸಂ ಇಲ್ಲದ ಅಷ್ಟೇ ಮಂದಿಗೆ, ಒಂದು ಹಳೆಯ ಕಪ್ಪುಬಿಳುಪು ಚಲನಚಿತ್ರದ ದೃಶ್ಯಗಳನ್ನು ತೋರಿಸಿ ಅವರ ಕಣ್ಣಿನ ಚಲನೆಯನ್ನು ಯಂತ್ರದ ಮೂಲಕ ದಾಖಲಿಸಿದರು. 2002ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಆಟಿಸಂ ಇಲ್ಲದವರು ಪಾತ್ರಗಳ ಕಣ್ಣನ್ನು ಆಟಿಸಂ ಇರುವವರಿಗಿಂತ ಎರಡು ಪಟ್ಟಿಗೂ ಹೆಚ್ಚು ಹೊತ್ತು ನೋಡಿದರೆಂದೂ, ಆಟಿಸಂ ಇರುವವರು ಬಾಯಿ, ದೇಹ ಮತ್ತು ವಸ್ತುಗಳ ಕಡೆಗೆ ಹೆಚ್ಚು ನೋಡಿದರೆಂದೂ ಕಂಡುಬಂತು. ಈ ಫಲಿತಾಂಶದ ಇನ್ನೊಂದು ಅಂಶ ಅಷ್ಟಾಗಿ ಚರ್ಚೆಗೆ ಬಂದಿಲ್ಲ: ಆಟಿಸಂ ಇರುವವರಲ್ಲಿ ಬಾಯಿಯನ್ನು ಹೆಚ್ಚು ನೋಡಿದವರ ಸಾಮಾಜಿಕ ಹೊಂದಾಣಿಕೆ ಉಳಿದವರಿಗಿಂತ ಉತ್ತಮವಾಗಿತ್ತು. ಮಾತು ಹೊರಡುವ ಜಾಗದಿಂದಲೇ ಅರ್ಥವನ್ನು ಹಿಡಿಯುವ ಬೇರೊಂದು ದಾರಿಯನ್ನು ಅವರು ಕಂಡುಕೊಂಡಿರಬಹುದೆಂಬ ಸಾಧ್ಯತೆಯನ್ನು ಇದು ಮುಂದಿಡುತ್ತದೆ.

ಕಣ್ಣು ನೋಡುವುದು ಏಕೆ ಕಷ್ಟ ಎಂಬುದಕ್ಕೆ ಆಟಿಸಂ ಇರುವ ವಯಸ್ಕರು ಹಾಗೂ ಹದಿಹರೆಯದವರು ತಾವೇ ಬರೆದ ವಿವರಣೆಗಳನ್ನು ಸಂಗ್ರಹಿಸಿ 2017ರಲ್ಲಿ ಪ್ರಕಟಿಸಲಾದ ಅಧ್ಯಯನವೊಂದರಲ್ಲಿ, ನೇರ ನೋಟ ಹಲವರಿಗೆ ಮೈ ನಡುಗಿಸುವಷ್ಟು ಒತ್ತಡ ತರುತ್ತದೆ ಎಂಬ ಅಂಶವೂ, ಕಣ್ಣನ್ನು ನೋಡುತ್ತಾ ಮಾತನ್ನು ಕೇಳುವುದು ಸಾಧ್ಯವಾಗುವುದಿಲ್ಲ ಎಂಬ ಅಂಶವೂ ಮತ್ತೆಮತ್ತೆ ಬರುತ್ತವೆ. ಕರ್ನಾಟಕಕ್ಕೆ ಈ ಮಾತು ಹೊಸದಲ್ಲ. ಬಾಲ್ಯವನ್ನು ಮೈಸೂರು ಮತ್ತು ಬೆಂಗಳೂರುಗಳಲ್ಲಿ ಕಳೆದ, ಮಾತು ಬಹಳ ಕಡಿಮೆಯಿದ್ದರೂ ಚಿಕ್ಕ ವಯಸ್ಸಿನಲ್ಲೇ ಬರೆಯಲು ಕಲಿತ, ಆಟಿಸಂ ಇರುವ ತೀತೊ ರಾಜರ್ಷಿ ಮುಖೋಪಾಧ್ಯಾಯರ ಮೊದಲ ಪುಸ್ತಕ 2000ದಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. ಒಂದು ಹೊತ್ತಿಗೆ ಒಂದೇ ಇಂದ್ರಿಯದ ಮೇಲೆ ಗಮನ ನಿಲ್ಲುತ್ತದೆ, ನೋಡುವುದಕ್ಕಿಂತ ಕೇಳುವುದು ಸುಲಭವಾಗುತ್ತದೆ ಎಂಬ ಅವರ ವಿವರಣೆ, ದೂರದ ಪ್ರಯೋಗಶಾಲೆಗಳು ಮುಂದೆ ಕೇಳತೊಡಗಿದ ಪ್ರಶ್ನೆಗಳನ್ನು ಒಳಗಿನಿಂದ ಬೆಳಗಿಸುತ್ತದೆ.

ಈ ಒಳನೋಟಗಳನ್ನು ಸಿದ್ಧಾಂತವಾಗಿ ಕಟ್ಟುವ ಎರಡು ಪ್ರಯತ್ನಗಳು ಇಲ್ಲಿ ಉಲ್ಲೇಖಾರ್ಹ. 2012ರಲ್ಲಿ ಲಿಜ್ ಪೆಲಿಕಾನೊ ಮತ್ತು ಡೇವಿಡ್ ಬರ್ ಮಂಡಿಸಿದ ವಾದದಂತೆ, ಮನುಷ್ಯರು ಹಿಂದಿನ ಅನುಭವದಿಂದ ಹುಟ್ಟಿದ ನಿರೀಕ್ಷೆಗಳ ನೆರವಿನಿಂದ ಇಂದ್ರಿಯಗಳ ಮಾಹಿತಿಯನ್ನು ಸರಳಗೊಳಿಸಿಕೊಳ್ಳುತ್ತಾರೆ. ಆಟಿಸಂ ಇರುವವರಲ್ಲಿ ಆ ನಿರೀಕ್ಷೆಗಳ ಹಿಡಿತ ಸಡಿಲವಾಗಿರುವುದರಿಂದ ಜಗತ್ತು ಅವರಿಗೆ ಹೆಚ್ಚು ವಿವರವಾಗಿಯೂ ಹೆಚ್ಚು ತೀಕ್ಷ್ಣವಾಗಿಯೂ ಕಾಣುತ್ತದೆ. 2014ರಲ್ಲಿ ಭಾರತ ಮೂಲದ ವಿಜ್ಞಾನಿ ಪವನ್ ಸಿನ್ಹಾ ಮತ್ತು ಸಂಗಡಿಗರು, ಮುಂದೇನಾಗುವುದೆಂದು ಅಂದಾಜಿಸುವುದರಲ್ಲಿನ ತೊಡಕೇ ಆಟಿಸಂನ ಹಲವು ಲಕ್ಷಣಗಳನ್ನು ಒಂದು ಸೂತ್ರದಲ್ಲಿ ಪೋಣಿಸಬಲ್ಲದೆಂದು ಸೂಚಿಸಿದರು. ಯಂತ್ರಗಳಿಗೂ ವೇಳಾಪಟ್ಟಿಗಳಿಗೂ ಖಚಿತ ನಿಯಮವಿದೆ. ಮನುಷ್ಯರ ಮುಖಕ್ಕಾಗಲಿ ಮಾತಿಗಾಗಲಿ ಅಂಥ ನಿಯಮವಿಲ್ಲ. ಆದ್ದರಿಂದ ಅಂದಾಜಿಗೆ ಅತ್ಯಂತ ಕಠಿಣವಾದ ಕ್ಷೇತ್ರ ಸಮಾಜವೇ ಆಗುತ್ತದೆ ಎಂಬುದು ಈ ವಾದದ ತಿರುಳು.

ಭಾವನೆಗಳ ಗುರುತಿಸುವಿಕೆಯ ವಿಷಯದಲ್ಲಿಯೂ ಒಂದು ಮುಖ್ಯ ತಿದ್ದುಪಡಿ ಆಗಿದೆ. ತನ್ನ ಭಾವನೆ ಯಾವುದೆಂದು ತನಗೇ ಗುರುತಿಸಿ ಹೇಳಲಾಗದ ಸ್ಥಿತಿಗೆ ಅಲೆಕ್ಸಿಥೈಮಿಯಾ ಎಂದು ಹೆಸರು. ಇದು ಆಟಿಸಂ ಇಲ್ಲದವರಲ್ಲಿಯೂ ಇರುತ್ತದೆ, ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಕಂಡುಬರುತ್ತದೆ. ಜೆಫ್ ಬರ್ಡ್, ರಿಚರ್ಡ್ ಕುಕ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದಂತೆ, ಮುಖದ ಭಾವವನ್ನು ಗುರುತಿಸುವಲ್ಲಿನ ಹಿನ್ನಡೆ ಆಟಿಸಂಗಿಂತ ಅಲೆಕ್ಸಿಥೈಮಿಯಾದೊಡನೆ ಹೆಚ್ಚು ಹೊಂದಿಕೊಂಡಿತ್ತು. ಆಟಿಸಂ ಇರುವವರಿಗೆ ಇತರರ ನೋವು ತಿಳಿಯುವುದಿಲ್ಲ ಎಂದು ಎಲ್ಲರಿಗೂ ಅನ್ವಯಿಸಿ ಹೇಳುವ ಮಾತು ಈ ಫಲಿತಾಂಶದ ಎದುರು ನಿಲ್ಲುವುದಿಲ್ಲ.

ಇಲ್ಲಿಂದ ಎರಡನೆಯ ಭಾಗ, ಅಂದರೆ ಇನ್ನೊಬ್ಬರ ಮನಸ್ಸನ್ನು ಊಹಿಸುವ ಶಕ್ತಿಯ ಪರೀಕ್ಷೆಗಳು. ತನ್ನ ತಿಳಿವಳಿಕೆಗಿಂತ ಭಿನ್ನವಾದ ತಿಳಿವಳಿಕೆ ಇನ್ನೊಬ್ಬರಿಗೆ ಇರಬಹುದೆಂದು ಅರಿಯುವ ಸಾಮರ್ಥ್ಯಕ್ಕೆ ಮನೋವಿಜ್ಞಾನದಲ್ಲಿ ಥಿಯರಿ ಆಫ್ ಮೈಂಡ್ ಎಂದು ಹೆಸರು. ಸೈಮನ್ ಬ್ಯಾರನ್-ಕೊಹೆನ್, ಆ್ಯಲನ್ ಲೆಸ್ಲಿ ಮತ್ತು ಊಟಾ ಫ್ರಿತ್ 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಯಾಲಿ ಎಂಬ ಗೊಂಬೆ ಬುಟ್ಟಿಯಲ್ಲಿ ಗೋಲಿ ಇಟ್ಟು ಹೊರಗೆ ಹೋಗುತ್ತದೆ, ಆ್ಯನ್ ಎಂಬ ಗೊಂಬೆ ಆ ಗೋಲಿಯನ್ನು ಪೆಟ್ಟಿಗೆಗೆ ಬದಲಾಯಿಸುತ್ತದೆ, ಮರಳಿ ಬಂದ ಸ್ಯಾಲಿ ಗೋಲಿಯನ್ನು ಎಲ್ಲಿ ಹುಡುಕುತ್ತದೆ ಎಂದು ಮಗುವನ್ನು ಕೇಳಲಾಗುತ್ತದೆ. ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ಗೋಲಿ ನಿಜವಾಗಿ ಇರುವ ಜಾಗವನ್ನೇ ತೋರಿಸಿದರು. ಈ ಒಂದು ಫಲಿತಾಂಶದಿಂದ ಹೊರಟ, ಆಟಿಸಂ ಎಂದರೆ ಪರಮನಸ್ಸಿನ ಕುರುಡು ಎಂಬ ಕಲ್ಪನೆ, ಪಠ್ಯಪುಸ್ತಕಗಳಲ್ಲಿ ದೀರ್ಘಕಾಲ ನೆಲೆಯೂರಿತು. ಉಳಿದ ನಾಲ್ಕು ಮಕ್ಕಳ ಸರಿಯುತ್ತರಕ್ಕೆ ಅಷ್ಟು ಗಮನ ದೊರೆಯಲಿಲ್ಲ.

ವಯಸ್ಕರನ್ನು ಪರೀಕ್ಷಿಸತೊಡಗಿದಾಗ ಈ ಚಿತ್ರ ಬದಲಾಯಿತು. ಬುದ್ಧಿಮತ್ತೆಯ ತೊಡಕಿಲ್ಲದ ಬಹುತೇಕ ಆಟಿಸಂ ವಯಸ್ಕರು ಸ್ಯಾಲಿಯ ಪ್ರಶ್ನೆಗೆ ಸುಲಭವಾಗಿ ಉತ್ತರಿಸಬಲ್ಲವರಾದ್ದರಿಂದ, ಹೆಚ್ಚು ಸೂಕ್ಷ್ಮವಾದ ಪರೀಕ್ಷೆಗಳು ಬೇಕಾದವು. ಫ್ರಾನ್ಸೆಸ್ಕಾ ಹ್ಯಾಪೆ 1994ರಲ್ಲಿ ವ್ಯಂಗ್ಯ, ಬಿಳಿ ಸುಳ್ಳು ಮತ್ತು ಮಾತಿನ ಒಳದನಿಗಳನ್ನು ಒಳಗೊಂಡ ಕಿರುಕಥೆಗಳ ಪರೀಕ್ಷೆಯನ್ನು ರೂಪಿಸಿದರು. 1997ರಲ್ಲಿ ಬಂದು 2001ರಲ್ಲಿ ಪರಿಷ್ಕೃತವಾದ ಬ್ಯಾರನ್-ಕೊಹೆನ್ ಅವರ ಪರೀಕ್ಷೆಯಲ್ಲಿ ಕಣ್ಣಿನ ಭಾಗವನ್ನಷ್ಟೇ ತೋರಿಸುವ 36 ಚಿತ್ರಗಳಿದ್ದು, ಪ್ರತಿಯೊಂದಕ್ಕೂ ಕೊಟ್ಟ ನಾಲ್ಕು ಪದಗಳಲ್ಲಿ ಒಂದನ್ನು ಆರಿಸಬೇಕು. ಇಂಥ ಪರೀಕ್ಷೆಗಳಲ್ಲಿ ಆಟಿಸಂ ವಯಸ್ಕರ ಸರಾಸರಿ ಅಂಕ ಕಡಿಮೆಯಾಗಿರುವುದು ನಿಜ. ಆದರೆ ಗುಂಪಿನೊಳಗಿನ ಹರವು ಬಹಳ ದೊಡ್ಡದು, ಸರಾಸರಿಗಿಂತ ಮೇಲಿರುವವರೂ ಅಲ್ಲಿದ್ದಾರೆ. ಅಲ್ಲದೆ ಕಣ್ಣಿನ ಪರೀಕ್ಷೆ ಭಾವನೆಯ ಅರಿವಿನಷ್ಟೇ ಶಬ್ದಸಂಪತ್ತನ್ನೂ ಅಳೆಯುತ್ತದೆ ಎಂಬ ಆಕ್ಷೇಪಕ್ಕೆ ಬಲವಿದೆ.

2009ರಲ್ಲಿ ಅತ್ಸುಶಿ ಸೆಂಜು ಮತ್ತು ಸಂಗಡಿಗರು ಇನ್ನೊಂದು ಪದರವನ್ನು ತೆರೆದರು. ಪ್ರಶ್ನೆ ಕೇಳಿದಾಗ ಸರಿಯುತ್ತರ ಕೊಡುವ ಆಸ್ಪರ್ಗರ್ ಸಿಂಡ್ರೋಮ್ ಎಂದು ಗುರುತಿಸಲಾದ ಆಟಿಸಂ ವಯಸ್ಕರು, ಪ್ರಶ್ನೆಯಿಲ್ಲದೆ ದೃಶ್ಯವನ್ನು ನೋಡುತ್ತಿದ್ದಾಗ, ಪಾತ್ರ ತನ್ನ ತಪ್ಪು ನಂಬಿಕೆಯಂತೆ ಎಲ್ಲಿಗೆ ಕೈ ಹಾಕೀತೆಂದು ಕಣ್ಣಿನಿಂದ ಮುಂಚಿತವಾಗಿ ಸೂಚಿಸಲಿಲ್ಲ. ಮುಂದೆ ಈ ಬಗೆಯ ಕಣ್ಚಲನೆ ಆಟಿಸಂ ಇಲ್ಲದವರಲ್ಲಿಯೂ ಎಲ್ಲ ಪ್ರಯೋಗಶಾಲೆಗಳಲ್ಲಿ ಒಂದೇ ರೀತಿಯಾಗಿ ಮರುಕಳಿಸದಿದ್ದುದರಿಂದ ಈ ತೀರ್ಮಾನವನ್ನು ಎಚ್ಚರಿಕೆಯಿಂದ ಸ್ವೀಕರಿಸಬೇಕಾಗಿದೆ. ಆದರೂ ಅದು ಎತ್ತಿದ ಪ್ರಶ್ನೆ ಉಳಿದಿದೆ: ಇತರರಿಗೆ ತಾನಾಗಿಯೇ ಹೊಳೆಯುವುದನ್ನು ಆಟಿಸಂ ಇರುವ ವ್ಯಕ್ತಿ ಪ್ರತಿಸಲವೂ ಲೆಕ್ಕ ಹಾಕಿ ತಿಳಿಯಬೇಕಾಗಿದ್ದರೆ, ಹೊರಗೆ ಸಹಜವಾಗಿ ಕಾಣುವ ಒಂದು ಸಂಭಾಷಣೆಗೆ ಒಳಗೆ ತೆರುವ ಬೆಲೆ ಎಷ್ಟು? ಲಾರಾ ಹಲ್ ಮತ್ತು ಸಂಗಡಿಗರು 2017ರಿಂದ ಅಧ್ಯಯನ ಮಾಡಿದ ಮರೆಮಾಚುವಿಕೆ, ಅಂದರೆ ಆಟಿಸಂನ ಗುರುತುಗಳನ್ನು ಪ್ರಯತ್ನಪಟ್ಟು ಮುಚ್ಚಿಕೊಂಡು ಇತರರಂತೆ ನಡೆದುಕೊಳ್ಳುವುದು, ಈ ಬೆಲೆಯನ್ನು ಕಾಣಿಸುತ್ತದೆ. ನಗುವ ಸಮಯವನ್ನು ಲೆಕ್ಕ ಹಾಕಿ ನಗುವುದು, ಆಡಬೇಕಾದ ಮಾತನ್ನು ಮೊದಲೇ ಕಂಠಪಾಠ ಮಾಡಿಕೊಳ್ಳುವುದು, ಒಲ್ಲದಿದ್ದರೂ ಎದುರಿನವರ ಕಣ್ಣನ್ನು ಒತ್ತಾಯದಿಂದ ನೋಡುವುದು ಇದರ ರೂಪಗಳು. ಇದರ ಕೊನೆಯಲ್ಲಿ ಉಳಿಯುವ ದಣಿವನ್ನೂ, ಇದರೊಡನೆ ಸೇರಿಬರುವ ಆತಂಕ ಮತ್ತು ಖಿನ್ನತೆಯನ್ನೂ ವಯಸ್ಕರು ಸ್ಪಷ್ಟವಾಗಿ ಹೇಳಿಕೊಂಡಿದ್ದಾರೆ.

ಮೂರನೆಯ ಭಾಗ ಈ ಉಪನ್ಯಾಸದ ಕೇಂದ್ರ. ಇದುವರೆಗಿನ ಪರೀಕ್ಷೆಗಳೆಲ್ಲ ಒಬ್ಬರನ್ನೇ ಕೂರಿಸಿ ಅಳೆದವು; ಸಂಭಾಷಣೆಗೆ ಮಾತ್ರ ಇಬ್ಬರು ಬೇಕು. ತಾವೇ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ಇಮ್ಮಡಿ ಸಹಾನುಭೂತಿಯ ಸಮಸ್ಯೆ ಎಂಬ ವಿಚಾರದ ಸಾರವಿದು: ಜಗತ್ತನ್ನು ಬೇರೆಬೇರೆ ಬಗೆಯಲ್ಲಿ ಅನುಭವಿಸುವ ಇಬ್ಬರು ಸಂಧಿಸಿದಾಗ ಅರ್ಥಮಾಡಿಕೊಳ್ಳುವ ತೊಡಕು ಇಬ್ಬರಿಗೂ ಇರುತ್ತದೆ, ಆದರೆ ಅದರ ದೋಷ ಸಂಖ್ಯೆಯಲ್ಲಿ ಕಡಿಮೆ ಇರುವವರ ಮೇಲೆ ಬೀಳುತ್ತದೆ.

ಈ ವಿಚಾರಕ್ಕೆ ಪ್ರಯೋಗಗಳ ಬೆಂಬಲ ಹಲವು ಕಡೆಯಿಂದ ಬಂದಿದೆ. 2016ರಲ್ಲಿ ರೊಸಾನಾ ಈಡಿ ಮತ್ತು ಸಂಗಡಿಗರು ತ್ರಿಕೋನಗಳನ್ನು ಚಲಿಸಿ ಅಣಕ, ಓಲೈಕೆ ಮುಂತಾದ ಮನಃಸ್ಥಿತಿಗಳನ್ನು ಸೂಚಿಸುವಂತೆ ಎರಡೂ ಗುಂಪಿನವರಿಗೆ ಹೇಳಿದಾಗ, ಆಟಿಸಂ ಇರುವವರು ರಚಿಸಿದ ಚಲನೆಗಳನ್ನು ಓದುವಲ್ಲಿ ಆಟಿಸಂ ಇಲ್ಲದವರು ಹಿಂದೆ ಬಿದ್ದರು. 2017ರಲ್ಲಿ ನೋವಾ ಸ್ಯಾಸನ್ ಮತ್ತು ಸಂಗಡಿಗರು ಆಟಿಸಂ ವಯಸ್ಕರ ಕೆಲವೇ ಸೆಕೆಂಡುಗಳ ತುಣುಕುಗಳನ್ನು ಅಪರಿಚಿತರಿಗೆ ತೋರಿಸಿದಾಗ, ನೋಡಿದವರು ಅವರೊಡನೆ ಮಾತನಾಡುವ, ಪಕ್ಕದಲ್ಲಿ ಕೂರುವ ಆಸಕ್ತಿಯನ್ನು ಕಡಿಮೆ ತೋರಿದರು. ಅದೇ ವ್ಯಕ್ತಿಗಳ ಮಾತನ್ನು ಬರಹದಲ್ಲಿ ಮಾತ್ರ ಓದಿದವರಲ್ಲಿ ಆ ತಾರತಮ್ಯ ಕಾಣಲಿಲ್ಲ. ಆಡಿದ ಮಾತಿನಲ್ಲಿ ಕೊರತೆಯಿರಲಿಲ್ಲ; ದನಿ, ಚಹರೆ ಮತ್ತು ಹಾವಭಾವದ ಭಿನ್ನತೆಯೇ ಕೇಳುವವರನ್ನು ದೂರ ಸರಿಸಿತ್ತು. 2019ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ, ಆ ವ್ಯಕ್ತಿಗೆ ಆಟಿಸಂ ಇದೆಯೆಂದು ತಿಳಿಸಿದಾಗ ಮತ್ತು ನೋಡುವವರಿಗೆ ಆಟಿಸಂ ಬಗ್ಗೆ ಮೊದಲೇ ತಿಳಿವಳಿಕೆ ಇದ್ದಾಗ ಅಭಿಪ್ರಾಯ ಸುಧಾರಿಸಿತು.

ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ 72 ವಯಸ್ಕರನ್ನು ಎಂಟೆಂಟು ಮಂದಿಯ ಸರಪಳಿಗಳಾಗಿ ಮಾಡಿ, ಒಬ್ಬರಿಂದೊಬ್ಬರಿಗೆ ಒಂದು ಕಥೆಯನ್ನು ದಾಟಿಸುವಂತೆ ಹೇಳಿದರು. ಎಲ್ಲರಿಗೂ ಆಟಿಸಂ ಇದ್ದ ಸರಪಳಿ, ಯಾರಿಗೂ ಇಲ್ಲದ ಸರಪಳಿಯಷ್ಟೇ ಚೆನ್ನಾಗಿ ಕಥೆಯನ್ನು ಉಳಿಸಿಕೊಂಡಿತು. ಬೆರಕೆಯ ಸರಪಳಿಯಲ್ಲಿ ವಿವರಗಳು ಬೇಗ ಕಳೆದವು. 311 ವಯಸ್ಕರೊಡನೆ ನಡೆದು 2025ರಲ್ಲಿ ಪ್ರಕಟವಾದ ಇದೇ ತಂಡದ ದೊಡ್ಡ ಅಧ್ಯಯನದಲ್ಲಿ ಬೆರಕೆ ಸರಪಳಿಯ ಆ ಹಿನ್ನಡೆ ಮರುಕಳಿಸಲಿಲ್ಲ, ಮೂರೂ ಬಗೆಯ ಗುಂಪುಗಳು ಮಾಹಿತಿಯನ್ನು ಸರಿಸಮವಾಗಿ ದಾಟಿಸಿದವು. ಮೊದಲ ಫಲಿತಾಂಶದ ಒಂದು ಭಾಗ ಹೀಗೆ ಸಡಿಲವಾದರೂ, ಆಟಿಸಂ ಇರುವ ವಯಸ್ಕರು ಮಾಹಿತಿಯನ್ನು ಸಮರ್ಥವಾಗಿ ದಾಟಿಸಬಲ್ಲರು ಎಂಬ ಮುಖ್ಯ ಅಂಶ ಎರಡರಲ್ಲೂ ಗಟ್ಟಿಯಾಗಿ ನಿಂತಿದೆ. 2020ರಲ್ಲಿಯೇ ಕೆರಿಯಾನ್ ಮಾರಿಸನ್ ಮತ್ತು ಸಂಗಡಿಗರು ಐದು ನಿಮಿಷಗಳ ನಿಜವಾದ ಸಂಭಾಷಣೆಗಳನ್ನು ಅಧ್ಯಯನ ಮಾಡಿದಾಗ, ಪರೀಕ್ಷೆಯ ಅಂಕಗಳು ಆ ಸಂಭಾಷಣೆ ಹೇಗೆ ಸಾಗಿತೆಂಬುದನ್ನು ಬಹಳ ಕಡಿಮೆ ಮಟ್ಟಿಗೆ ಮಾತ್ರ ಸೂಚಿಸಿದವು. ಕೊಠಡಿಯೊಳಗೆ ಒಬ್ಬರನ್ನೇ ಅಳೆದ ಅಂಕ ಇಬ್ಬರ ಭೇಟಿಯ ಫಲವನ್ನು ಹೇಳಲಾರದು.

ಕ್ಯಾನರ್ ವಿವರಿಸಿದ ಮೊದಲನೆಯ ಬಾಲಕ ಡೊನಾಲ್ಡ್ ಟ್ರಿಪ್ಲೆಟ್ ಅವರ ಬದುಕೂ ಅರಿಯುವ ಹೊಣೆ ಇಬ್ಬರದು ಎಂಬುದನ್ನೇ ಸಮರ್ಥಿಸುತ್ತದೆ. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿ, ಕಾರು ಓಡಿಸಿ, ದೇಶ ವಿದೇಶ ಸುತ್ತಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅನುಕೂಲಸ್ಥ ಕುಟುಂಬದ ಬೆಂಬಲ ಅವರಿಗಿತ್ತು ಎಂಬುದನ್ನು ಮರೆಯಲಾಗದು; ಅದರಷ್ಟೇ ಮುಖ್ಯವಾಗಿ, ಆ ಊರಿನ ಜನ ಅವರ ರೀತಿಯನ್ನು ಕಲಿತುಕೊಂಡಿದ್ದರು.

ಕೊನೆಯದಾಗಿ ನಾಲ್ಕನೆಯ ಭಾಗ, ಅಂದರೆ ಕನ್ನಡ ನಾಡಿನ ಮತ್ತು ವಿಶೇಷವಾಗಿ ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳ ಕರ್ತವ್ಯ. ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಪಶ್ಚಿಮದ ಮುಖಗಳನ್ನೂ ಮಾತುಕತೆಯ ರೂಢಿಗಳನ್ನೂ ಆಧರಿಸಿದವು. ಧಾರವಾಡದ ಮನೆಗಳಲ್ಲಿ ಹಿರಿಯರ ಕಣ್ಣಿಗೆ ಕಣ್ಣಿಟ್ಟು ನೋಡದೆ ತಲೆ ತಗ್ಗಿಸುವುದು ಮರ್ಯಾದೆಯ ಗುರುತು. ಹೊರಡುವವರು ‘ಬರ್ತೀನ್ರಿ’ ಎನ್ನುತ್ತಾರೆ; ದಾರಿಯಲ್ಲಿ ಸಿಕ್ಕವರು ‘ಊಟಾ ಆತೇನ್ರಿ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಾರೆ. ಬೇಡ ಎನ್ನಬೇಕಾದಲ್ಲಿ ‘ನೋಡೂಣಂತ್ರಿ’ ಎನ್ನುತ್ತಾರೆ. ಮಾತನ್ನು ಅದರ ನೇರ ಅರ್ಥದಲ್ಲಿ ತೆಗೆದುಕೊಳ್ಳುವ ಆಟಿಸಂ ವಯಸ್ಕರು ಊಟದ ಪ್ರಶ್ನೆಗೆ ನಿಂತು ಪೂರ್ಣ ಉತ್ತರ ಕೊಡುತ್ತಾರೆ, ನೋಡೋಣ ಎಂದವರ ಬಳಿಗೆ ಮರುದಿನ ತಪ್ಪದೆ ಹೋಗುತ್ತಾರೆ. ಇಲ್ಲಿನ ಸಾಮಾಜಿಕ ಸಂಜ್ಞಾನವನ್ನು ಅಳೆಯಬೇಕಾದರೆ ಕಥೆಗಳೂ ಮುಖಗಳೂ ದನಿಗಳೂ ಇಲ್ಲಿಯವೇ ಆಗಿರಬೇಕು. ಇಂಗ್ಲಿಷ್ ಪರೀಕ್ಷೆಯ ಪದಗಳನ್ನು ಕನ್ನಡಕ್ಕೆ ಬದಲಿಸಿದರೆ ಸಾಲದು.

ಭಾರತದಲ್ಲಿ ವಿಕಲತೆಯ ಪ್ರಮಾಣಪತ್ರಕ್ಕೆ ಬಳಸುವ, 2009ರಲ್ಲಿ ಸಿದ್ಧವಾದ ಐಸಾ ಎಂಬ ಮಾಪನದಲ್ಲಿ 40 ಅಂಶಗಳಿದ್ದು, 70 ಅಂಕದಿಂದ ಆಟಿಸಂ ಎಂದು ಗುರುತಿಸಲಾಗುತ್ತದೆ. ಅದರ ಮೊದಲ ಅಂಶವೇ ಕಣ್ಣಿನ ಸಂಪರ್ಕ. ಮರೆಮಾಚುವಿಕೆಯನ್ನು ರೂಢಿಸಿಕೊಂಡ ವಯಸ್ಕರನ್ನು, ಅದರಲ್ಲೂ ವಿನಯದ ಹೆಸರಿನಲ್ಲಿ ಮೌನವನ್ನು ಕಲಿತ ಹೆಣ್ಣುಮಕ್ಕಳನ್ನು, ಹೊರನಡೆಯನ್ನು ನೋಡುವ ಮಾಪನ ಸುಲಭವಾಗಿ ದಾಟಿಹೋಗಬಹುದೆಂಬ ಎಚ್ಚರ ವೈದ್ಯರಿಗೆ ಬೇಕು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಇರುವವರನ್ನು ತನ್ನ ವ್ಯಾಪ್ತಿಗೆ ತಂದಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಸರಕಾರಿ ಹುದ್ದೆಗಳ ಶೇ. 4ರ ಮೀಸಲಾತಿಯಲ್ಲಿ ಆಟಿಸಂ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ, ಮಾನಸಿಕ ಅನಾರೋಗ್ಯ ಹಾಗೂ ಬಹುವಿಧ ನ್ಯೂನತೆಗಳಿಗೆ ಒಟ್ಟಾಗಿ ಶೇ. 1ರ ಪಾಲಿದೆ. ಹುದ್ದೆಯ ಬಾಗಿಲನ್ನು ಕಾಯ್ದೆ ತೆರೆಯಬಲ್ಲದು. ಆದರೆ ಸಂದರ್ಶನದ ಮೊದಲ ಕೆಲವು ಸೆಕೆಂಡುಗಳ ಅಭಿಪ್ರಾಯವನ್ನು ಬದಲಿಸುವುದು ಆಯ್ಕೆ ಸಮಿತಿಯ ತಿಳಿವಳಿಕೆಗೆ ಬಿಟ್ಟದ್ದು.

ಈ ತಿಳಿವಳಿಕೆಯನ್ನು ಬೆಳೆಸಲು ಬೇಕಾದ ಸಂಪನ್ಮೂಲ ಇಲ್ಲಿಯೇ ಇದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯ ಅನುಭವವಿದೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಮತ್ತು ಕನ್ನಡ ಅಧ್ಯಯನವಿದೆ, ಧಾರವಾಡದ ಐಐಟಿಯಲ್ಲಿ ತಂತ್ರಜ್ಞಾನವಿದೆ, 1965ರಿಂದ ನಡೆದುಬಂದಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಭಾಷಾ ಪರಿಣತಿ ರಾಜ್ಯದೊಳಗೇ ಲಭ್ಯವಿದೆ. ಇವು ಕೈಜೋಡಿಸಿದರೆ ಉತ್ತರ ಕರ್ನಾಟಕದ ಮಾತು ಮತ್ತು ಮುಖಗಳನ್ನೊಳಗೊಂಡ ಕನ್ನಡ ಪರೀಕ್ಷೆಗಳನ್ನು ರೂಪಿಸಬಹುದು; ಆಟಿಸಂ ವಯಸ್ಕರನ್ನು ಪರೀಕ್ಷಾರ್ಥಿಗಳಾಗಿಯಷ್ಟೇ ಅಲ್ಲದೆ ಸಹಸಂಶೋಧಕರಾಗಿಯೂ ಸೇರಿಸಿಕೊಳ್ಳಬಹುದು; ಮಾತನಾಡದ ಅಥವಾ ಹೆಚ್ಚಿನ ನೆರವು ಬೇಕಾದ ವಯಸ್ಕರನ್ನು ಸಂಶೋಧನೆಯಿಂದ ಹೊರಗಿಡುವ ಜಗತ್ತಿನ ರೂಢಿಯನ್ನು ಇಲ್ಲಿ ತಿದ್ದಬಹುದು. ಪಾಲಕರ ‘ನಮ್ಮ ನಂತರ ಇವನನ್ನ ಯಾರು ನೋಡ್ಕೊಳ್ತಾರಿ?’ ಎಂಬ ಪ್ರಶ್ನೆಗೆ ಪೂರ್ಣ ಉತ್ತರ ಇಂಥ ಅಧ್ಯಯನದಿಂದ ಮಾತ್ರ ದೊರೆಯದಾದರೂ, ಆ ವ್ಯಕ್ತಿಯನ್ನು ಅರ್ಥಮಾಡಿಕೊಳ್ಳಬಲ್ಲವರ ಸಂಖ್ಯೆ ಹೆಚ್ಚಿದಷ್ಟೂ ಆ ಪ್ರಶ್ನೆಯ ಭಾರ ಇಳಿಯುತ್ತದೆ.

ಒಟ್ಟು ಹೇಳುವುದಾದರೆ, ನಾಲ್ಕು ದಶಕಗಳ ಸಂಶೋಧನೆ ಆಟಿಸಂ ಇರುವ ವ್ಯಕ್ತಿಯಲ್ಲಿ ಏನು ಕೊರತೆಯಿದೆ ಎಂಬ ಪ್ರಶ್ನೆಯಿಂದ ಹೊರಟು, ಇಬ್ಬರ ನಡುವೆ ಅರ್ಥ ಎಲ್ಲಿ ಕಡಿದುಹೋಗುತ್ತದೆ ಎಂಬ ಪ್ರಶ್ನೆಗೆ ಬಂದು ನಿಂತಿದೆ. ಇಷ್ಟು ಕಾಲ ಅರಿಯುವ ಶ್ರಮವನ್ನೆಲ್ಲ ಒಂದು ಕಡೆಯವರೇ ಹೊತ್ತಿದ್ದಾರೆ. ಅದನ್ನು ಹಂಚಿಕೊಳ್ಳುವುದು ನ್ಯಾಯ. ಆದ್ದರಿಂದ ಈ ಸಭೆಯಲ್ಲಿರುವ ಅಧ್ಯಾಪಕರು, ಅಧಿಕಾರಿಗಳು ಮತ್ತು ಉದ್ಯೋಗದಾತರಲ್ಲಿ ವಿನಂತಿ ಇಷ್ಟೇ: ಸೂಚನೆಗಳನ್ನು ನೇರವಾದ ಮಾತಿನಲ್ಲಿ ಕೊಡಿ, ಮುಖ್ಯವಾದುದನ್ನು ಬರೆದು ಕೊಡಿ, ಉತ್ತರಕ್ಕೆ ಸಮಯ ಕೊಡಿ, ಕಣ್ಣು ನೋಡಲೇಬೇಕೆಂದು ಒತ್ತಾಯಿಸಬೇಡಿ, ಮೊದಲ ನೋಟದ ಅಭಿಪ್ರಾಯವನ್ನು ಕೊನೆಯ ತೀರ್ಪಾಗಿಸಬೇಡಿ.